ಲಿಫ್ಟಿನೊಳಗಿನ ಸರೋಜ

ನಮ್ಮ ಅಡುಗೆಮನೆಯಲ್ಲಿ ‘ರವೆ’ ಎಂದು ಬರೆದ ಡಬ್ಬದಲ್ಲಿ ಸಾರಿನ ಪುಡಿಯಿರುತ್ತದೆ. ಅದು ಇಟ್ಟವರಿಗಷ್ಟೇ ಗೊತ್ತು. ಯಶವಂತಪುರದ ಪುಟ್ಟ ಲಿಫ್ಟ್ ಕಾರ್ಖಾನೆಯಲ್ಲಿ ಪ್ರೋಗ್ರಾಂ ಬರೆಯುವ ನನಗೆ, ಕಂಪ್ಯೂಟರಿನಲ್ಲೂ ಅಂಥ ಡಬ್ಬಗಳಿರುತ್ತವೆ ಎಂದು ತಿಳಿದದ್ದು ಕಳೆದ ವರ್ಷ.

ಅಲ್ಲಾಳಸಂದ್ರದ ಒಂದು ಅಪಾರ್ಟ್‌ಮೆಂಟಿನ ಲಿಫ್ಟಿಗೆ ಅದನ್ನು ನಡೆಸುವ ಹೊಸ ಕಂಪ್ಯೂಟರ್ ಬೋರ್ಡ್ ಕೂರಿಸಿದ್ದೆವು. ಓಡುತ್ತಿತ್ತು, ಆದರೆ ಮುಚ್ಚುವ ಬಾಗಿಲಿಗೆ ಯಾರಾದರೂ ಅಡ್ಡ ಬಂದರೆ ಮತ್ತೆ ತೆರೆಯುತ್ತಿರಲಿಲ್ಲ. ಲಿಫ್ಟ್ ನಿಲ್ಲಿಸಬೇಕಾಯಿತು, ಮಂಡಿನೋವಿನ ಹಿರಿಯರೆಲ್ಲ ನಾಲ್ಕು ಮಹಡಿ ಹತ್ತುತ್ತ, ಪ್ರತಿ ಮಹಡಿಯಲ್ಲೂ ನಿಂತು ನನ್ನನ್ನು ನೆನೆಯುತ್ತಿದ್ದರು. ಬಾಗಿಲಿನ ಕೆಲಸವೆಲ್ಲ ಹಳೆಯದೊಂದು ಸ್ಟ್ಯಾಟಿಕ್ ಲೈಬ್ರರಿಯಲ್ಲಿತ್ತು: ಯಂತ್ರಭಾಷೆಗೆ ಇಳಿಸಿದ ಹತ್ತಾರು ಆಬ್ಜೆಕ್ಟ್ ಫೈಲುಗಳನ್ನು ಒಟ್ಟಿಗೆ ಕಟ್ಟಿಟ್ಟ ಗಂಟು. ಮನುಷ್ಯರು ಓದಬಲ್ಲ ಮೂಲಪ್ರತಿ ಎಂದೋ ಕಳೆದಿತ್ತು. ‘ಎನ್‌ಎಂ’ ಎಂಬ ಸಲಕರಣೆ ಗಂಟು ಬಿಚ್ಚದೆಯೇ, ಒಳಗಿನ ಒಂದೊಂದು ಕೆಲಸಕ್ಕೂ ಬರೆದವರು ಇಟ್ಟ ಹೆಸರುಗಳನ್ನು ಓದಿ ಹೇಳುತ್ತದೆ. ಓಡಿಸಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಅಪ್ಪಟ ಬೆಂಗಳೂರು ಕನ್ನಡ ಉದುರಿತು: ‘ಸುಮ್ನಿರು’, ‘ಕಾಫಿ ಆಯ್ತಾ’, ‘ಹೊರಟೆ ಕಣೆ’, ‘ಸರೋಜ ಬಂದ್ಲು’.

ಹೆಸರುಗಳನ್ನೆಲ್ಲ ಕಿತ್ತು ಫೈಲನ್ನು ಹಗುರಗೊಳಿಸುವ ‘ಸ್ಟ್ರಿಪ್’ ಎಂಬ ಸಲಕರಣೆಯೂ ಇದೆ. ಅದನ್ನು ಯಾರೂ ಇದರ ಮೇಲೆ ಓಡಿಸದಿದ್ದುದು ಆ ಮಂಡಿಗಳ ಪುಣ್ಯ. ಆದರೆ ಇವುಗಳಲ್ಲಿ ಬಾಗಿಲು ತೆರೆಯುವುದು ಯಾವುದು? ಊಹಿಸುವ ಧೈರ್ಯ ಬರಲಿಲ್ಲ. ಬರೆದವರು ನಮ್ಮ ಕಾರ್ಖಾನೆಯಿಂದ ನಿವೃತ್ತರಾದ ನರಸಿಂಹಯ್ಯನವರು. ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಆರ್.ಟಿ. ನಗರದ ಅವರ ಮನೆಗೆ ಹೋಗಿ, ಪಟ್ಟಿಯನ್ನು ಗಟ್ಟಿಯಾಗಿ ಓದತೊಡಗಿದೆ. ಕೊನೆಯ ಹೆಸರಿಗೆ ಬರುವ ಹೊತ್ತಿಗೆ ಅವರ ಹೆಂಡತಿ ಎರಡು ಲೋಟ ಕಾಫಿ ಹಿಡಿದು ಬಾಗಿಲಲ್ಲಿದ್ದರು.

“ಅದ್ರಲ್ಲಿ ನನ್ ಹೆಸರು ಯಾಕ್ರೀ?” ಎಂದರು ಸರೋಜಮ್ಮ.

“ಅದು... ಬೇರೆ ಸರೋಜ,” ಎಂದರು ನರಸಿಂಹಯ್ಯ.

ನಲವತ್ತು ವರ್ಷದ ದಾಂಪತ್ಯದಲ್ಲಿ ಇದಕ್ಕಿಂತ ಕೆಟ್ಟ ಉತ್ತರ ಅವರಿಗೆ ಹೊಳೆದಿರಲಾರದು. ಕಾಫಿ ನನಗೆ ಮಾತ್ರ ಸಿಕ್ಕಿತು.

“ಯಾವ್ ಸರೋಜ?”

“ನೀನೇ ಕಣೆ. ನೀನ್ ಬಾಗ್ಲಿಗೆ ಬಂದ್ರೆ ನಾನು ಮಾಡ್ತಿರೋದನ್ನ ಅಲ್ಲೇ ನಿಲ್ಸಿ ಬಾಗ್ಲು ತೆಗೀತೀನಲ್ಲ, ಲಿಫ್ಟೂ ಹಂಗೇ ಮಾಡ್ಲಿ ಅಂತ ಬರ್ದೆ.”

ನನಗೆ ಬೇಕಿದ್ದುದು ಅದೇ. ಹೊಸ ಬೋರ್ಡಿನ ಪ್ರೋಗ್ರಾಮಿನಲ್ಲಿ ಬಾಗಿಲಿನ ಸೆನ್ಸರಿಗೆ ಆ ಹೆಸರನ್ನು ಜೋಡಿಸಿ ಅಲ್ಲಾಳಸಂದ್ರಕ್ಕೆ ಹೊರಟೆ. ಕಣ್ಣಾರೆ ನೋಡಬೇಕೆಂದು ದಂಪತಿಗಳೂ ಆಟೊ ಹತ್ತಿದರು. ಅಲ್ಲಿ ಲಿಫ್ಟಿನ ಪಕ್ಕದಲ್ಲಿದ್ದ ಪೊರಕೆಯನ್ನು ನಾನು ಬಾಗಿಲಿಗೆ ಅಡ್ಡ ಹಿಡಿದೆ. ಮುಚ್ಚುತ್ತಿದ್ದ ಬಾಗಿಲು ಗಕ್ಕನೆ ನಿಂತು, ವಿನಯದಿಂದ ಹಿಂದೆ ಸರಿಯಿತು. ಸರೋಜಮ್ಮ ಪೊರಕೆ ಕಸಿದುಕೊಂಡು ಇನ್ನೂ ನಾಲ್ಕು ಸಲ ಪರೀಕ್ಷಿಸಿದರು.

“ನೋಡಮ್ಮ, ಇದು ಒಂದೇ ಸಲಕ್ಕೆ ಬಾಗ್ಲು ತೆಗೆಯತ್ತೆ,” ಎಂದರು ನನಗೆ, ಗಂಡನತ್ತ ತಿರುಗದೆಯೇ. “ಮನೇಲಿರೋದಕ್ಕೆ ಮೂರು ಸಲ ಬೆಲ್ ಮಾಡ್ಬೇಕು.”