ಚಹಾ ಕುಡಿದು ಇಳಿದ ಜ್ವರ

ಮೊಮ್ಮಗನ ಹೆಂಡತಿ ಈಗ ದಿನಾ ಬೆಳಿಗ್ಗೆ ನನ್ನ ಮುಂದೆ ಒಂದು ಲೋಟ ಹಸಿರು ಚಹಾ ಇಡುತ್ತಾಳೆ. ಹಾಲಿಲ್ಲ, ಸಕ್ಕರೆ ಇಲ್ಲ. ರಕ್ತ ಶುದ್ಧವಾಗುತ್ತದಂತೆ, ಹೃದಯಕ್ಕೆ ಒಳ್ಳೆಯದಂತೆ, ಬೊಜ್ಜು ಕರಗುತ್ತದಂತೆ. ನನ್ನ ಮೈಯಲ್ಲಿ ಕರಗುವುದಕ್ಕೆ ಇನ್ನೇನು ಉಳಿದಿದೆ ಎಂದು ಕೇಳಿದರೆ ನಗುತ್ತಾಳೆ. ಒಳ್ಳೆಯ ಹುಡುಗಿ, ಅದಕ್ಕೇ ಬೈಯಲು ಮನಸ್ಸು ಬರುವುದಿಲ್ಲ. ಆದರೆ ಚಹಾ ಕುಡಿದರೆ ಆರೋಗ್ಯ ಅನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ಮಾತನ್ನು ನಾನು ಮೊದಲು ಕೇಳಿದ್ದು ಗಂಗಾವತಿ ಸಂತೆಯಲ್ಲಿ, ದೊಡ್ಡ ಯುದ್ಧ ನಡೆದಿದ್ದ ಕಾಲದಲ್ಲಿ. ಕೇಳಿ ನಂಬಿದವರಲ್ಲಿ ನಾನೂ ಒಬ್ಬಳು.

ನನ್ನ ತವರು ಯಲಬುರ್ಗಾ ಕಡೆ, ಬಿಳಿಜೋಳದ ಒಣ ನೆಲ. ಹದಿನಾರಕ್ಕೆ ಗಂಗಾವತಿ ಹತ್ತಿರದ ಮರಳಿ ಎಂಬ ಊರಿಗೆ ಸೊಸೆಯಾಗಿ ಬಂದೆ. ಕಾಲುವೆ ನೀರು, ಸುತ್ತ ಭತ್ತದ ಗದ್ದೆ, ಎರಡು ಹೊತ್ತೂ ಅನ್ನ. ತವರಿನ ಹೆಂಗಸರೆಲ್ಲ ನನ್ನ ಪುಣ್ಯ ಹೊಗಳಿದರು. ಅವ್ವ ಮಾತ್ರ, ನೀರಿನ ನೆಲಕ್ಕೆ ಮಗಳನ್ನು ಕೊಟ್ಟೆವು ಎಂದು ಕಣ್ಣೀರು ಹಾಕಿದಳು. ಯಾಕೆಂದು ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ತಿಳಿಯಿತು. ಆ ಊರುಗಳಲ್ಲಿ ಚಳಿಜ್ವರ ಮನೆಯ ನೆಂಟನಿದ್ದ ಹಾಗೆ, ಬಂದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ನಾಟಿ ಮಾಡುವ ಹೆಣ್ಣಾಳು ಬದುವಿನ ಮೇಲೆ ಕಂಬಳಿ ಹೊದ್ದು ನಡುಗಿ, ಜ್ವರ ಬಿಟ್ಟ ಮೇಲೆ ಎದ್ದು ಮತ್ತೆ ಕೆಸರಿಗೆ ಇಳಿಯುತ್ತಿದ್ದಳು.

ನನ್ನ ನಾದಿನಿಗೆ ಆಗ ಹದಿಮೂರು. ಆ ಮನೆಯಲ್ಲಿ ನನ್ನ ಜೊತೆ ನಕ್ಕವಳು ಅವಳೊಬ್ಬಳೇ. ನನ್ನ ಮಾತಿನ ಧಾಟಿಯನ್ನು ಅಣಕಿಸುತ್ತಿದ್ದಳು, ಹಾಗೆ ಅಣಕಿಸುತ್ತಲೇ ನನ್ನಿಂದ ರೊಟ್ಟಿ ಬಡಿಯುವುದನ್ನು ಕಲಿತಳು. ದೀಪಾವಳಿ ಮುಂದೆ ಅವಳಿಗೆ ಜ್ವರ ಹತ್ತಿತು. ನಮ್ಮ ಮನೆಯವರು ಬಂಡಿ ಕಟ್ಟಿಕೊಂಡು ಗಂಗಾವತಿಯ ದವಾಖಾನೆಗೆ ಕರೆದೊಯ್ದರು, ನಾನೂ ಹೋದೆ. ಯುದ್ಧದ ದಿನಗಳು, ಚಳಿಜ್ವರದ ಮದ್ದು ಕ್ವಿನೈನ್ ಸಿಗುವುದೇ ಕಷ್ಟವಾಗಿತ್ತು. ಕಂಪೌಂಡರ್ ಒಂದು ಪೊಟ್ಟಣ ಗುಳಿಗೆ ಕೊಟ್ಟು, ಏಳು ದಿನ ಬಿಡದೆ ನುಂಗಬೇಕು, ಜ್ವರ ಇಲ್ಲದ ದಿನವೂ ನುಂಗಬೇಕು ಎಂದು ನನಗೇ ಎರಡು ಸಲ ಹೇಳಿದ. ನಾನು ತಲೆಯಾಡಿಸಿದೆ.

ಅವತ್ತು ಸಂತೆ. ಚಹಾ ಕಂಪನಿಯವನೊಬ್ಬ ಗ್ರಾಮಫೋನ್ ಹಚ್ಚಿ, ಒಲೆ ಹೂಡಿ, ಬಂದವರಿಗೆಲ್ಲ ಪುಕ್ಕಟೆ ಚಹಾ ಹಂಚುತ್ತಿದ್ದ. ದಣಿವು ಹೋಗುತ್ತದೆ, ಚಳಿ ಬಿಡುತ್ತದೆ, ನೀರಿನ ನೆಲದವರಿಗಂತೂ ಇದೇ ಔಷಧಿ ಎಂದು ಕನ್ನಡ, ಉರ್ದು, ತೆಲುಗು ಮೂರರಲ್ಲೂ ಕೂಗುತ್ತಿದ್ದ. ನಾದಿನಿ ಕುಡಿದಳು, ಮನೆಯವರು ಅವನ ಹತ್ತಿರ ಸ್ವಲ್ಪ ಚಹಾ ಪುಡಿಯನ್ನೂ ಕೊಂಡರು. ಊರ ದಾರಿ ಅರ್ಧ ಸವೆಯುವುದರೊಳಗೆ ಅವಳಿಗೆ ಬೆವರು ಕಿತ್ತು, ಜ್ವರ ಇಳಿಯಿತು. ಅದು ಇಳಿಯುವ ಹೊತ್ತೇ ಆಗಿತ್ತು. ಚಳಿ, ಕಾವು, ಆಮೇಲೆ ಬೆವರು, ಅದರ ಕ್ರಮವೇ ಅದು. ಬರೀ ಬಿಸಿನೀರು ಕುಡಿದಿದ್ದರೂ ಇಳಿಯುತ್ತಿತ್ತು. ಇದು ಇವತ್ತಿನ ಬುದ್ಧಿ. ಅವತ್ತು ನಮ್ಮ ಕಣ್ಣಿಗೆ ಕಂಡದ್ದು ಚಹಾ ಒಂದೇ.

ಗುಳಿಗೆಯನ್ನು ಎರಡು ದಿನ ನುಂಗಿದಳು. ಕಹಿ, ಕಿವಿಯಲ್ಲಿ ಗುಂಯ್ ಅನ್ನುವ ಸದ್ದು, ವಾಂತಿ. ಮೂರನೇ ದಿನ ಅತ್ತೆ ತಡೆದರು. ನಮ್ಮಲ್ಲಿ ಒಂದು ಔಷಧಿ ನಡೆದಿರುವಾಗ ಇನ್ನೊಂದು ಕೊಡುವ ಪದ್ಧತಿ ಇರಲಿಲ್ಲ. ಆ ಮನೆಯಲ್ಲಿ ಚಹಾ ಅದುವರೆಗೆ ಕುದ್ದಿರಲಿಲ್ಲ, ಹಾಗಾಗಿ ಅತ್ತೆ ಅದನ್ನು ಔಷಧಿ ಎಂದೇ ಹಿಡಿದರು. ಜ್ವರಕ್ಕೆ ಹಾಲು ಆಗದೆಂದು ಹಾಲು ಬಿಟ್ಟು, ಬೆಲ್ಲ, ತುಳಸಿ ಹಾಕಿ ಕುದಿಸಿ, ಬರಿಹೊಟ್ಟೆಯಲ್ಲಿ ಪಥ್ಯ ಹಿಡಿಸಿ ಕುಡಿಸುತ್ತಿದ್ದರು.

"ಒಂದ ಮೈಯಾಗ ಎರಡು ಔಷಧಿ ಕೂಡಂಗಿಲ್ಲ," ಅಂದರು. "ಯಾವುದು ಹಿಡಿಸೇತಿ ಅದನ್ನ ಕೊಡು. ಗುಳಿಗಿ ಎತ್ತಿಡು."

ನಾನು ಎತ್ತಿಟ್ಟೆ. ಅತ್ತೆಗೆ ಹೆದರಿ ಹಾಗೆ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸುಳ್ಳು. ಕಂಪೌಂಡರ್ ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ಆದರೆ ಆ ಹುಡುಗಿ ಗುಳಿಗೆ ಕಂಡರೆ ನನ್ನ ಸೆರಗಿನಲ್ಲಿ ಮುಖ ಮುಚ್ಚಿ, ಅದು ಬೇಡ ವೈನಿ, ಚಹಾ ಕೊಡ್ರಿ ಅನ್ನುತ್ತಿದ್ದಳು. ಅವಳ ಕಣ್ಣಲ್ಲಿ ನಾನು ಕೆಟ್ಟವಳಾಗಬಾರದು ಅನ್ನುವ ಆಸೆ ನನಗೆ. ಒಲೆ ಮುಂದೆ ಕೂತು ಚಹಾ ಕುದಿಸುವಾಗ ಖುಷಿಯೇ ಆಗುತ್ತಿತ್ತು.

ಜ್ವರ ದಿನ ಬಿಟ್ಟು ದಿನ ಬರುತ್ತಿತ್ತು. ಬಾರದ ದಿನ ಚಹಾದ ಗುಣ ಅಂದೆವು. ಬಂದ ದಿನ ಚಹಾ ಸಾಲಲಿಲ್ಲ ಎಂದು ಪುಡಿ ಹೆಚ್ಚು ಹಾಕಿದೆವು. ಇಂಥ ನಂಬಿಕೆಯನ್ನು ಸೋಲಿಸುವವರು ಯಾರು? ಅತ್ತೆ ಹೇಮಗುಡ್ಡದ ದೇವಿಗೆ ಹರಕೆಯನ್ನೂ ಹೊತ್ತರು, ದೇವಿಯ ಹರಕೆ ಮಾತ್ರ ಯಾವ ಔಷಧಿಯ ಜೊತೆಗೂ ನಡೆಯುತ್ತಿತ್ತು. ಹದಿನೈದು ದಿನದಲ್ಲಿ ಹುಡುಗಿಯ ಮುಖ ಬಿಳಿಚಿತು, ಎಡಪಕ್ಕೆಯ ಕೆಳಗೆ ಹೊಟ್ಟೆ ಗಟ್ಟಿಯಾಯಿತು. ಮತ್ತೆ ಬಂಡಿ ಕಟ್ಟಿದರು. ಕಂಪೌಂಡರ್ ಡಾಕ್ಟರ ಮುಂದೆಯೇ ನನ್ನನ್ನು ಕೇಳಿದ.

"ಗುಳಿಗಿ ಪೂರಾ ನುಂಗ್ಯಾಳೇನವಾ?"

ಅತ್ತೆ ಪಕ್ಕದಲ್ಲೇ ನಿಂತಿದ್ದರು. "ಹೂಂನ್ರಿ," ಅಂದೆ.

ಏಳು ದಿನ ನುಂಗಿಯೂ ಬಿಡದ ಜ್ವರ ಕ್ವಿನೈನಿಗೆ ಕೇಳುವುದಲ್ಲ ಎಂದು ಡಾಕ್ಟರು ತಿಳಿದರು. ಇದ್ದ ಸ್ವಲ್ಪ ಗುಳಿಗೆಯನ್ನು ಬೇರೆ ರೋಗಿಗಳಿಗೆ ಉಳಿಸಿಕೊಂಡು, ನಮಗೆ ಬಾಟಲಿಯಲ್ಲಿ ಬೇರೆ ಔಷಧಿ ಕೊಟ್ಟರು. ತಪ್ಪು ಅವರದಲ್ಲ, ನನ್ನ ಮಾತು ನಂಬಿ ಮಾಡಿದ್ದು. ನಾಲ್ಕನೇ ದಿನ ಮಧ್ಯಾಹ್ನ ಚಳಿ ಹತ್ತಿದವಳಿಗೆ ಎಚ್ಚರ ತಪ್ಪಿತು. ನಾನು ಚಮಚದಿಂದ ಬಿಟ್ಟ ಚಹಾ ಕಟವಾಯಿಯಿಂದ ಇಳಿದು ಕೌದಿಯ ಮೇಲೆ ಕಲೆಯಾಯಿತು. ಸಂಜೆಯೊಳಗೆ ಮುಗಿಯಿತು.

ಅತ್ತೆ ಉಳಿದ ಚಹಾ ಪುಡಿಯನ್ನು ತಿಪ್ಪೆಗೆ ಚೆಲ್ಲಿ ಬಂದರು. ಗುಳಿಗೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರ ಮೇಲೆ ನನಗೆ ಸಿಟ್ಟಿತ್ತು. ನನ್ನ ಮೇಲೆ ಇದ್ದದ್ದಕ್ಕೆ ಸಿಟ್ಟು ಅನ್ನುವ ಹೆಸರು ಸಾಲದು.

ತಿಂಗಳು ಕಳೆಯುವುದರೊಳಗೆ ಚಳಿ ನನ್ನನ್ನೇ ಹಿಡಿಯಿತು. ನಾಲ್ಕು ಕೌದಿ ಹೊದಿಸಿದರೂ ಹಲ್ಲು ಕಟಕಟ. ಮನೆಯವರು ದವಾಖಾನೆಗೆ ಹೋಗಿ ಬರಿಗೈಲಿ ಬಂದರು. ಕ್ವಿನೈನ್ ಪೂರ್ತಿ ಮುಗಿದಿತ್ತು, ಮತ್ತೆ ಯಾವಾಗ ಬರುತ್ತದೋ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಗ ಅತ್ತೆ ಎದ್ದು ಒಳಗೆ ಹೋದರು. ಗಡಿಗೆಗಳ ಹಿಂದೆ ನಾನು ಎತ್ತಿಟ್ಟಿದ್ದ ಪೊಟ್ಟಣ ಅವರಿಗೆ ಗೊತ್ತಿತ್ತು. ತಂದು ನನ್ನ ಪಕ್ಕ ಕೂತು, ಒಂದು ಗುಳಿಗೆ ಅಂಗೈಯಲ್ಲಿಟ್ಟು ನೀರಿನ ತಂಬಿಗೆ ಹಿಡಿದರು.

"ಆಕೀದು ನುಂಗವಾ," ಅಂದರು. "ನೀನರ ಉಳಿ."

ಕಿವಿ ಗುಂಯ್‌ಗುಟ್ಟಿತು, ವಾಂತಿ ಬಂತು, ತಡೆದುಕೊಂಡೆ. ಐದು ದಿನ ಅತ್ತೆ ತಮ್ಮ ಕೈಯಾರೆ ಕೊಟ್ಟರು, ನಾನು ನುಂಗುವವರೆಗೂ ಎದುರಿಗೆ ಕೂತಿರುತ್ತಿದ್ದರು. ಆರನೇ ದಿನ ಪೊಟ್ಟಣ ಬರಿದಾಗಿತ್ತು. ಜ್ವರ ಮತ್ತೆ ಬರಲಿಲ್ಲ. ನಾದಿನಿಗೂ ಆ ಐದು ದಿನದ ಗುಳಿಗೆಯಷ್ಟೇ ಬೇಕಾಗಿತ್ತು.