ಕಿಸೆಯ ಗುಳಿಗೆ ಕೊಡದ ಜಟ್ಟೆಪ್ಪ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ತುರ್ಭೆಯ ಈರುಳ್ಳಿ-ಬಟಾಟೆ ಮಾರ್ಕೆಟ್ಟಿನಲ್ಲಿ ನಾಸಿಕದ ಲಾರಿಯೊಂದು ಬಂದು ನಿಂತಿದೆ. ಜಟ್ಟೆಪ್ಪ ಬೆನ್ನು ಬಗ್ಗಿಸುತ್ತಾರೆ. ಮೇಲಿನಿಂದ ಐವತ್ತು ಕಿಲೋದ ಗೋಣಿಚೀಲ ಬೆನ್ನಿಗೆ ಬೀಳುತ್ತದೆ. ನಡೆಯುವ ಮೊದಲು ಬಲಗಾಲಿನ ಹೆಬ್ಬೆರಳನ್ನು ಒಮ್ಮೆ ನೆಲಕ್ಕೆ ಒತ್ತಿ ನೋಡುತ್ತಾರೆ.

"ಒತ್ತಿ ನೋಡದ ಹೆಜ್ಜಿ ಇಡಂಗಿಲ್ರಿ. ಯಾವಾಗ ಎದ್ದು ಕುಂದರತೈತೋ ಯಾರಿಗೆ ಗೊತ್ತು?" ಅನ್ನುತ್ತಾರೆ.

ಎದ್ದು ಕೂರುವುದು ಗೌಟ್ ಎಂಬ ಕೀಲುಬೇನೆ. ವಿಜಯಪುರದ ಕಡೆಯಿಂದ ಮೀಸೆ ಚಿಗುರುವ ಮೊದಲೇ ಇಲ್ಲಿಗೆ ಬಂದ ಜಟ್ಟೆಪ್ಪನಿಗೆ ಈಗ ಐವತ್ತು ದಾಟಿದೆ; ಹಮಾಲರ ಒಂದು ಟೋಳಿಗೆ, ಅಂದರೆ ತಂಡಕ್ಕೆ, ಅವರೇ ಹಿರಿಯರು, ಎಲ್ಲರ ಕಾಕಾ. ಮೊದಲ ಸಲ ಬೆರಳು ಊದಿದಾಗ ಮಾರ್ಕೆಟ್ಟಿನವರು ಕುಡಿತ ಜಾಸ್ತಿಯಾಗಿದೆ ಎಂದರು. ಅವರು ಕುಡಿಯುವವರೇ ಅಲ್ಲ. "ಚಾದರದ ಅಂಚು ಬೆರಳಿಗೆ ತಾಗಿದ್ರೂ ಚೀರತಿದ್ರು," ಎಂದು ಹೆಂಡತಿ ದಾನಮ್ಮ ನೆನೆಯುತ್ತಾರೆ.

ಕೊನೆಗೆ ರೋಗಕ್ಕೆ ಹೆಸರಿಟ್ಟವರು ವಾಶಿಯ ಆಸ್ಪತ್ರೆಯೊಂದರ ಡಾಕ್ಟರ್ ಅಪೇಕ್ಷಾ. ನೌಪಾಡಾದಲ್ಲಿ ಹೋಟೆಲು ನಡೆಸುವ ಉಡುಪಿ ಮನೆತನದ ಮಗಳು. "ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾದ್ರೆ ಅದು ಕೀಲಿನೊಳಗೆ ಸೂಜಿಯಂಥ ಹರಳಾಗಿ ಕೂತ್ಕೊಳ್ತದೆ. ಅಲ್ಲಿ ಕಾವಲಿಗಿರುವ ಕಣಗಳು ಅದನ್ನು ವೈರಿ ಅಂತ ತಿಳಿದು ನುಂಗ್ತವೆ. ನುಂಗಿ ಸುಮ್ಮನಿರುವುದಿಲ್ಲ, ರಕ್ತದಲ್ಲಿರುವ ಬಿಳಿ ಕಣಗಳನ್ನೂ ಕೂಗಿ ಕರೀತವೆ. ಲಕ್ಷಗಟ್ಟಲೆ ಬಂದು ಮುತ್ತಿಗೆ ಹಾಕ್ತವೆ. ಆ ಊತ, ಆ ಉರಿ ಎಲ್ಲ ಅವುಗಳದ್ದೇ ಕೆಲಸ," ಎಂದು ವಿವರಿಸುತ್ತಾರೆ.

ದಿನವೂ ನುಂಗುವ ಮಾತ್ರೆಯ ಜೊತೆಗೆ, ನೋವು ಕೆರಳಿದಾಗ ಈ ಕಣಗಳ ಅಬ್ಬರ ಇಳಿಸಲು ಸ್ಟೀರಾಯ್ಡ್ ಗುಳಿಗೆಯನ್ನೂ ಕೊಟ್ಟರು. ಕೊಡುವಾಗ ಒಂದು ಮಾತು ಹೇಳಿದ್ದರು: "ಚಳಿಜ್ವರ ಇದ್ರೆ ಇದನ್ನು ಮುಟ್ಬೇಡಿ, ಸೀದಾ ಇಲ್ಲಿಗೆ ಬನ್ನಿ. ಆಗ ನಿಜವಾದ ವೈರಿಯೇ ಬಂದಿರಬಹುದು."

ಕಳೆದ ಮಳೆಗಾಲದ ಒಂದು ಮುಂಜಾನೆ ಟೋಳಿಯ ದಿಲೀಪ ಮೊಣಕಾಲು ಹಿಡಿದು ಗೋಣಿಗಳ ಮೇಲೆ ಕುಸಿಯುತ್ತಾನೆ. ಕಲಬುರಗಿ ಕಡೆಯ ಗಟ್ಟಿ ಆಳು. ಕಾಲು ಕೆಂಪಗೆ ಊದಿ ಮಿರುಗುತ್ತಿದೆ. ಹಿಂದೆ ಲಾರಿಗಳ ಸಾಲು. ಸೇಠ್ "ಗಾಡಿ ಖಾಲಿ ಕರೋ!" ಎಂದು ಕೂಗುತ್ತಿದ್ದಾನೆ.

"ಇದು ಕಾಕಾನ ರೋಗಾನ ನೋಡು. ಅವನ ಗುಳಗಿ ಕೊಟ್ರ ಆತು," ಅನ್ನುತ್ತದೆ ಟೋಳಿ.

ಜಟ್ಟೆಪ್ಪ ಕಿಸೆಯಿಂದ ಗುಳಿಗೆಯ ಪಟ್ಟಿ ತೆಗೆಯುತ್ತಾರೆ. ಕೊಡಲು ಹೋದಾಗ ದಿಲೀಪನ ಅಂಗೈ ತಾಗುತ್ತದೆ. ಕೆಂಡದಂತೆ ಸುಡುತ್ತಿದೆ.

"ಲೇ ತಮ್ಮಾ, ಥಂಡಿ ಹತ್ತೈತೇನು?"

"ನಿನ್ನಿಂದ ನಡುಕ ಐತಿ ಕಾಕಾ. ಅದಿರಲಿ, ಮೊದ್ಲ ಗುಳಗಿ ಕೊಡು."

ಪಟ್ಟಿ ಮತ್ತೆ ಕಿಸೆ ಸೇರುತ್ತದೆ. ದಿಲೀಪ ಮೊದಲು ಬೇಡುತ್ತಾನೆ, ಆಮೇಲೆ ಅಳುತ್ತಾನೆ, ಕೊನೆಗೆ ಬಾಯಿಗೆ ಬಂದಂತೆ ಬೈಯುತ್ತಾನೆ. "ನೀ ನುಂಗಬಹುದು, ನಾ ನುಂಗಬಾರದೇನು?" ಟೋಳಿಯವರು ಮುಖ ತಿರುಗಿಸುತ್ತಾರೆ. ಜಟ್ಟೆಪ್ಪ ಒಬ್ಬರೇ ಅವನನ್ನು ಕೈಗಾಡಿಯಲ್ಲಿ ಮಲಗಿಸಿ ರಸ್ತೆಯವರೆಗೆ ತಳ್ಳಿ, ರಿಕ್ಷಾ ಹಿಡಿಯುತ್ತಾರೆ. ದಾರಿಯುದ್ದಕ್ಕೂ ದಿಲೀಪ ಅವರ ಕಡೆ ನೋಡುವುದಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಮೊಣಕಾಲಿಗೆ ಸೂಜಿ ಹಾಕಿ ನೀರು ಎಳೆಯುತ್ತಾರೆ. ಬಂದದ್ದು ಹಳದಿ ಕೀವು. ವಾರದ ಹಿಂದೆ ಲಾರಿಯ ಕೊಂಡಿ ತರಚಿದ ಗಾಯದಿಂದ ಸೋಂಕು ಒಳಹೊಕ್ಕಿತ್ತು. "ಹೊರಗಿನಿಂದ ಎರಡೂ ಒಂದೇ ತರ ಕಾಣ್ತದೆ. ನೀರು ತೆಗೆಯುವವರೆಗೆ ನಂಗೂ ಖಾತ್ರಿ ಇರ್ಲಿಲ್ಲ," ಅನ್ನುತ್ತಾರೆ ಅಪೇಕ್ಷಾ. "ಈ ಸಲ ಬಿಳಿ ಕಣಗಳು ಹೊಡೆದಾಡ್ತಿದ್ದದ್ದು ನಿಜವಾದ ವೈರಿ ಜೊತೆ. ಆ ಗುಳಿಗೆ ನುಂಗಿದ್ರೆ ನೋವು ಇಳಿದು ಕೆಲಸಕ್ಕೂ ಹೋಗ್ತಿದ್ದ. ಒಳಗೆ ಕೀಲು ಕೊಳೀತಾ ಇರ್ತಿತ್ತು."

ಅದೇ ದಿನ ಆಪರೇಷನ್ ಮಾಡಿ ಕೀಲು ತೊಳೆದರು. ಬಾಗಿಲು ತೆರೆಯುವವರೆಗೂ ಜಟ್ಟೆಪ್ಪ ಹೊರಗೆ ನಿಂತೇ ಇದ್ದರು. ದಿಲೀಪ ಈಗ ತುಸು ಕುಂಟುತ್ತಾನೆ. ಸದ್ಯಕ್ಕೆ ತಕ್ಕಡಿಯ ಹತ್ತಿರ ತೂಕದ ಕೆಲಸ. "ಆವತ್ತ ಕಾಕಾಗ ಅನ್ನಬಾರದ್ದೆಲ್ಲ ಅಂದೀನ್ರಿ," ಎಂದು ತಲೆ ತಗ್ಗಿಸುತ್ತಾನೆ.

ಅದು ಬರೀ ಗೌಟ್ ಆಗಿದ್ದರೆ? ಸುಮ್ಮನೆ ಅವನನ್ನು ಅಷ್ಟು ನರಳಿಸಿದಂತೆ ಆಗುತ್ತಿರಲಿಲ್ಲವೇ? ಜಟ್ಟೆಪ್ಪನನ್ನೇ ಕೇಳುತ್ತೇನೆ.

"ಹೌದ್ರಿ, ಅದ ಹೆದರಿಕಿ ನನಗೂ ಇತ್ತು. ಹಂಗ ಆಗಿದ್ರ ಅಂವನ ಕಾಲು ಹಿಡಕೊಂಡು ತಪ್ಪಾತು ಅಂತಿದ್ದೆ. ಹಿಡಕೊಳ್ಳಾಕ ಅಂವನ ಕಾಲಾದ್ರೂ ಉಳೀಬೇಕಲ್ರಿ."