ಬಳೆ ಕಟ್ಟಿದ ಹರಿವೆ

ಬಚ್ಚಲೊಲೆಯ ಬೂದಿಗೆ ಹರಿವೆ ಸೊಪ್ಪಿನ ಬೀಜ ಬೆರೆಸುವಾಗ ಒಂದು ವಾಸನೆ ಏಳುತ್ತದೆ. ಒಣಒಣ, ಮೂಗಿನ ತುದಿಗೆ ಕಚಗುಳಿ ಇಡುವಂಥದ್ದು. ಸೊರಬದ ನಮ್ಮ ಮನೆ ಹಿಂದೆ ಮೊರ ಹಿಡಿದು ಕೂತಾಗಲೆಲ್ಲ ಅದು ನನ್ನನ್ನು ಶಿಕಾರಿಪುರದ ಕಡೆಯ ತವರಿನ ಹಿತ್ತಲಿಗೆ ಒಯ್ದು ನಿಲ್ಲಿಸುತ್ತದೆ. ಸಾಸಿವೆಗಿಂತ ಸಣ್ಣ ಬೀಜ, ಕಪ್ಪಗೆ ಮಿರಮಿರ. ಬೂದಿ ಬೆರೆಸದೆ ಎರಚಿದರೆ ಒಂದೇ ಕಡೆ ಗುಂಪಾಗಿ ಬೀಳುತ್ತದೆ. ಅಜ್ಜಿ ಸೆರಗು ಸಿಕ್ಕಿಸಿಕೊಂಡು, ಚಂದ್ರಗುತ್ತಿಯ ತಾಯಿ ರೇಣುಕಮ್ಮನ ಹೆಸರು ಹೇಳಿ ಎರಚುತ್ತಿದ್ದಳು. ಕೆಲವೇ ದಿನಕ್ಕೆ ಮಡಿ ತುಂಬ ಕುಂಕುಮ ಚೆಲ್ಲಿದ ಹಾಗೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಮಡಿ ಇದ್ದಿದ್ದರೆ, ಹುಳಿ ಬಿದ್ದ ಅನ್ನ ಕೆಂಪಾಗುವುದನ್ನು ನೋಡುತ್ತ ಕೂತ ನೆನಪೂ ಇರುತ್ತದೆ.

ಎಳೆಯದು ಪಲ್ಯಕ್ಕೆ, ಬಲಿತ ದಂಟು ಹುಳಿಗೆ. ಎಲ್ಲಕ್ಕಿಂತ ಪುಷ್ಟಿಯಾದ ಒಂದೇ ಗಿಡ ಬೀಜಕ್ಕೆ. ಅದು ತೆನೆ ಬಿಟ್ಟಾಗ ಅಜ್ಜಿ ಹಸಿರು ಗಾಜಿನ ಬಳೆಯೊಂದನ್ನು ಬಾಳೆನಾರಿನಲ್ಲಿ ಅದಕ್ಕೆ ಕಟ್ಟುವಳು. "ಬಸುರಿಗೆ ಬಳೆ ತೊಡಿಸಲ್ವೇನೆ ಕೂಸೆ? ಇವಳೂ ಹಂಗೇ." ಆಮೇಲೆ ದನ ಬಾಯಿ ಹಾಕಿದರೂ ಹಾಕೀತು, ಮನೆಯವರು ಕೈ ಹಾಕುವಂತಿರಲಿಲ್ಲ. ಅದು ಅಜ್ಜಿ ಉಡುತಡಿಯ ತನ್ನ ತವರಿಂದ ತಂದ ಬೀಜ. ಅಲ್ಲಿ ಅದನ್ನು ಬೆಳೆಯುವವರು ಆಗಲೇ ಇರಲಿಲ್ಲ.

ಒಂದು ವರ್ಷ ಅಜ್ಜಿ ನೆಂಟರ ಮನೆಗೆ ಹೋಗಿದ್ದ ದಿನ, ಚಂದ್ರಗುತ್ತಿಗೆ ನಡೆದು ಹೊರಟ ಹೆಂಗಸರು ಮಧ್ಯಾಹ್ನ ನಮ್ಮ ಜಗಲಿ ಹತ್ತಿದರು. ಆಗಷ್ಟೇ ಸೊಸೆಯಾಗಿ ಬಂದಿದ್ದ ಚಿಕ್ಕಮ್ಮನಿಗೆ ಅಡಿಗೆಮನೆಯಲ್ಲಿ ಒಂದು ತರಕಾರಿಯೂ ಸಿಗಲಿಲ್ಲ. ಮಡಿಯಲ್ಲಿ ಉಳಿದದ್ದು ಬಳೆ ಕಟ್ಟಿದ ಗಿಡ ಒಂದೇ. ತಾಯಿಯ ಕಡೆಗೆ ಹೊರಟವರನ್ನು ಬರೀ ಹೊಟ್ಟೆಯಲ್ಲಿ ಕಳಿಸುವುದುಂಟೇ? ಸಂಜೆ ಅಜ್ಜಿ ಬಂದು ನೋಡಿದರೆ ಗಿಡವಿದ್ದಲ್ಲಿ ಬುಡ ಮಾತ್ರ, ಬಳೆ ದೇವರ ಗೂಡಿನಲ್ಲಿ. ಹಿಂದಿನ ವರ್ಷದ ಬೀಜವೆಲ್ಲ ಬಿತ್ತಿ ಮುಗಿದಿತ್ತು.

"ಬಳೆ ಬಿಚ್ಚಿ ದೇವರ ಮುಂದಿಟ್ಟು, ಕೈ ಮುಗಿದೇ ಕೊಯ್ದೆ ಅತ್ತೆ," ಎಂದು ಚಿಕ್ಕಮ್ಮ ಅಳುತ್ತ ಹೇಳಿದಳು.

"ಬಸುರಿ ಬಳೆ ಬಿಚ್ಚಿದ ಮೇಲೆ ಕೈ ಮುಗಿದ್ರೇನು, ಕಾಲು ಹಿಡಿದ್ರೇನು?"

ಚಿಕ್ಕಪ್ಪ ಸಮಾಧಾನಕ್ಕೆಂದು, "ಪ್ಯಾಟ್ಯಾಗೆ ಬೀಜದ ಪೊಟ್ಟಣ ಸಿಗ್ತದೆ, ತಂದ್ಕೊಡ್ತೀನಿ ಬಿಡವ್ವ" ಅಂದ. "ತಂದ್ರೆ ನಿನ್ನ ತಲೆ ಮೇಲೇ ಬಿತ್ಕೋ," ಅಂದಳು ಅಜ್ಜಿ.

ಹಿಂದಿನ ವರ್ಷ ತೆನೆ ಉಜ್ಜಿ ಕೇರಿದ ಹೊಟ್ಟನ್ನು ತಿಪ್ಪೆಯ ಅಂಚಿಗೆ ಸುರಿದದ್ದು ಅವಳಿಗೆ ನೆನಪಿತ್ತು. ಹೊಟ್ಟಿನಲ್ಲಿ ನಾಲ್ಕು ಕಾಳಾದರೂ ಉಳಿದಿರುತ್ತವೆ ಎಂಬ ಹಟ. ಪೂಜೆ ಮುಗಿಸಿ ದಿನಾ ಬೆಳಿಗ್ಗೆ ಆ ಅಂಚಿಗೆ ತಂಬಿಗೆಯಲ್ಲಿ ನೀರು ಚಿಮುಕಿಸುವಳು. ದೂರದಿಂದ ನೋಡುತ್ತಿದ್ದ ಚಿಕ್ಕಮ್ಮ ಒಂದು ದಿನ ತಾನೂ ಕೊಡ ಹಿಡಿದು ಬಂದು ನಿಂತಳು. ಅಜ್ಜಿ ಬೇಡ ಅನ್ನಲಿಲ್ಲ. ಎಲ್ಲರೂ ನಗುವುದನ್ನೂ ಬಿಟ್ಟ ಮೇಲೆ, ಸಗಣಿ ಕಸದ ನಡುವೆ ಒಂದು ಕೆಂಪು ಎಲೆ ಕಂಡಿತು. ಅಜ್ಜಿ ಅದನ್ನು ಮಣ್ಣು ಸಮೇತ ಎತ್ತಿ ಮಡಿಯಲ್ಲಿಟ್ಟಳು. "ತಾಯಿ ಒಂದು ಊಟದ ಋಣಾನೂ ಇಟ್ಕೊಳ್ಳಲಿಲ್ಲ ನೋಡೆ," ಅಂದಳು ಸೊಸೆಗೆ. ಅದು ತೆನೆ ಬಿಟ್ಟಾಗ ಬಳೆ ಕಟ್ಟಿದ್ದು ಚಿಕ್ಕಮ್ಮನ ಕೈ.

ನನ್ನ ಮದುವೆಯಲ್ಲಿ ಮಡಿಲಕ್ಕಿಯ ಜೊತೆ ಬೀಜದ ಗಂಟು ಹಾಕಿದವಳೂ ಅವಳೇ. "ಯಾರು ಬಂದ್ರೂ ಕೊಯ್ಬೇಡ್ವೇ, ನನ್ನಂಗೆ," ಎಂದು ನಕ್ಕಿದ್ದಳು. ಈಗ ಅಜ್ಜಿಯಿಲ್ಲ, ಚಿಕ್ಕಮ್ಮನೂ ಇಲ್ಲ. ಪಾಲಾದ ಮೇಲೆ ತವರಿನ ಮನೆ ಕೆಡವಿದರು. ಹಿತ್ತಲಿನ ಮೇಲೆ ಟ್ರಾಕ್ಟರ್ ಶೆಡ್ಡು ಬಂದಿದೆ. ಈ ಸಲ ನಮ್ಮ ಯಜಮಾನರು, "ಮನೆ ಹಿಂದೆಲ್ಲ ಸಿಮೆಂಟು ಹಾಕ್ಸಿಬಿಡ್ತೀನಿ, ಕೆಸರು ತಪ್ಪುತ್ತೆ" ಅಂದರು. "ಹಾಕ್ಸ್ರೀ. ಹರಿವೆ ಇರೋ ಆ ಮೂಲೆಗೆ ಹಾಕ್ಸಿದ್ರೆ ಮಾತ್ರ ನಾನೇ ಹಾರೆ ತಗೊಂಡು ಒಡೀತೀನಿ," ಅಂದೆ. ಗೊಣಗುತ್ತಲೇ ಮೂಲೆ ಬಿಡಿಸಿದರು. ದೇವರು ದೊಡ್ಡವನು.

ಇವತ್ತು ತೆನೆ ಬಿಟ್ಟ ಗಿಡಕ್ಕೆ ಬಳೆ ಕಟ್ಟಿದೆ. ಅಜ್ಜಿ ಒಂದು ಕಟ್ಟುತ್ತಿದ್ದಳು, ನಾನು ಎರಡು ಕಟ್ಟುತ್ತೇನೆ. ಗಾಳಿ ಬಂದರೆ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತವೆ. ಅಡಿಗೆಮನೆಗೂ ಕೇಳುತ್ತದೆ, ಹಿತ್ತಲಲ್ಲಿ ಹೆಂಗಸರು ಕೆಲಸಕ್ಕೆ ನಿಂತ ಹಾಗೆ.